ವಿಕಲಚೇತನ ಮಗುವಿರುವ ಮನೆಗೆ ನೆರವಾಗುವುದು ಹೇಗೆ: ‘ಬುಧವಾರ ಬರ್ತೀನಿ’ ಅನ್ನುವುದರಿಂದ ಶುರು ಮಾಡಿ

ನನ್ನ ತಂಗಿಯ ಮಗನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿಗೆ ಆದ ಪೆಟ್ಟಿನಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಮನೆಯಲ್ಲಿ ಎಲ್ಲರೂ ಪುಟ್ಟ ಅಂತಲೇ ಕರೆಯುತ್ತೇವೆ, ಈಗ 11 ವರ್ಷ. ಕೂರಿಸಿದರೆ ಒರಗಿ ಕೂರುತ್ತಾನೆ, ತಾನಾಗಿ ಏಳಲಾರ. ಮಾತು ಬರುವುದಿಲ್ಲ, ಆದರೆ ನಾನು ಗೇಟು ತೆಗೆದ ಸದ್ದಿಗೇ ‘ದೊ’ ಅನ್ನುತ್ತಾನೆ. ದೊಡ್ಡಮ್ಮ ಅಂತ.

ಅವನಿಗೆ ಮೂರು ವರ್ಷ ಆಗುವವರೆಗೂ ನಾನು ಆ ಮನೆಗೆ ಹೋಗುತ್ತಿದ್ದ ರೀತಿಯೇ ಬೇರೆ. ಹಣ್ಣು ತಗೊಂಡು ಹೋಗುತ್ತಿದ್ದೆ, ಅರ್ಧ ಗಂಟೆ ಕೂತು ಕಾಫಿ ಕುಡಿಯುತ್ತಿದ್ದೆ, ಹೊರಡುವಾಗ “ಏನಾದ್ರೂ ಬೇಕಾದ್ರೆ ಹೇಳು ಕಣೆ” ಅನ್ನುತ್ತಿದ್ದೆ. ಅವಳು ಒಂದು ಸಲವೂ ಏನೂ ಹೇಳಲಿಲ್ಲ. ನನಗೆ ಕಾಫಿ ಕಾಯಿಸೋದಕ್ಕೆ ಅವಳು ಪುಟ್ಟನ ಊಟ ಅರ್ಧಕ್ಕೆ ನಿಲ್ಲಿಸಿ ಏಳುತ್ತಿದ್ದಳು ಅಂತ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಇಂಥ ಮಗುವಿನ ಅಪ್ಪ ಅಮ್ಮನಿಗೆ ಏನು ಮಾಡಬೇಕು ಅಂತ ಹೇಳುವ ಜನ ಬೇಕಾದಷ್ಟಿದ್ದಾರೆ. ಹಾಗಾಗಿ ಇದನ್ನು ಅವರಿಗಾಗಿ ಬರೆದಿಲ್ಲ. ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು, ಅಪ್ಪನ ಜೊತೆ ಕೆಲಸ ಮಾಡುವವರು, ಹೀಗೆ ಹತ್ತಿರ ಇದ್ದೂ ಏನು ಮಾಡಬೇಕು ಅಂತ ತೋಚದವರಿಗೆ ಬರೆದಿದ್ದೇನೆ. ಹೆಚ್ಚಿನದು ಸೆರೆಬ್ರಲ್ ಪಾಲ್ಸಿ ಬಗ್ಗೆ, ಯಾಕೆಂದರೆ ನಾನು ಹತ್ತಿರದಿಂದ ನೋಡಿರೋದು ಅದನ್ನೇ.

ಒಂದು ದಿನ, ಒಂದು ಹೊತ್ತು, ಒಂದು ಕೆಲಸ

‘ಬೇಕಾದ್ರೆ ಹೇಳು’ ಅಂದರೆ ಏನು ಬೇಕು ಅಂತ ಯೋಚಿಸೋದು, ಯಾರನ್ನು ಕೇಳಬೇಕು ಅಂತ ಲೆಕ್ಕ ಹಾಕೋದು, ಆಮೇಲೆ ಬಾಯಿಬಿಟ್ಟು ಕೇಳೋದು, ಈ ಮೂರೂ ಕೆಲಸವನ್ನು ಆ ತಾಯಿಯ ತಲೆ ಮೇಲೇ ಹಾಕಿದ ಹಾಗೆ. ಅವಳಿಗೆ ಅಷ್ಟು ಪುರುಸೊತ್ತು ಇಲ್ಲ. ಅದರ ಬದಲು “ಬುಧವಾರ ನಾಲ್ಕು ಗಂಟೆಗೆ ಬರ್ತೀನಿ, ಆರರವರೆಗೂ ಪುಟ್ಟನ ಜೊತೆ ಇರ್ತೀನಿ, ನೀನು ಮಲಗು” ಅನ್ನಿ. ಅವಳು ಬೇಡ ಅನ್ನುತ್ತಾಳೆ. ಮೊದಲ ಸಲ ಎಲ್ಲರೂ ಬೇಡ ಅನ್ನುತ್ತಾರೆ. ಆದರೂ ಹೋಗಿ. ಮುಂದಿನ ಬುಧವಾರವೂ ಹೋಗಿ.

ಒಂದೇ ಸಲ ಇಡೀ ದಿನ ಇದ್ದು ಆಮೇಲೆ ಆರು ತಿಂಗಳು ಪತ್ತೆಯಿಲ್ಲದೆ ಹೋಗೋದಕ್ಕಿಂತ, ವಾರಕ್ಕೆ ಎರಡೇ ಗಂಟೆ ತಪ್ಪದೆ ಬಂದರೆ ಅದರ ಬೆಲೆ ಜಾಸ್ತಿ. ಎರಡು ಗಂಟೆ ಸಿಗುತ್ತದೆ ಅಂತ ಖಾತ್ರಿ ಇದ್ದರೆ ತಾಯಿ ತನ್ನ ಹಲ್ಲು ನೋವಿಗೆ ಡಾಕ್ಟರ ಹತ್ತಿರ ಹೋಗಬಹುದು, ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಬಹುದು, ಸುಮ್ನೆ ಮಲಗಬಹುದು. ನನ್ನ ತಂಗಿ ಮೊದಲ ಎರಡು ಬುಧವಾರ ಪಾತ್ರೆ ತೊಳೆದಳು. ಮೂರನೇ ಬುಧವಾರ ನಿದ್ದೆ ಮಾಡಿದಳು.

ಮಗುವಿನ ಜೊತೆ ಇರೋದಕ್ಕೆ ಧೈರ್ಯ ಬರಲಿಲ್ಲವಾ? ಪರವಾಗಿಲ್ಲ. ಹಿಟ್ಟು ರುಬ್ಬಿ ಕೊಡಿ, ಔಷಧಿ ತಂದುಕೊಡಿ, ಆಸ್ಪತ್ರೆಗೆ ಗಾಡಿ ಓಡಿಸಿ. ಮಗು ಕಾಯುವುದು ಒಂದೇ ಸಹಾಯ ಅಲ್ಲ.

ಮಗುವನ್ನೇ ಮಾತಾಡಿಸಿ

ಸೆರೆಬ್ರಲ್ ಪಾಲ್ಸಿ ಅಂದರೆ ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ಕಾಲದಲ್ಲೋ ಮೆದುಳಿಗೆ ಆದ ಪೆಟ್ಟು. ಆ ಪೆಟ್ಟು ಬೆಳೆಯುತ್ತಾ ಹೋಗುವುದಿಲ್ಲ, ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಕೈಕಾಲು, ಬಾಯಿ, ಕುತ್ತಿಗೆ ಹೇಳಿದ ಮಾತು ಕೇಳುವುದಿಲ್ಲ, ಅಷ್ಟೇ. ಬುದ್ಧಿ ಎಷ್ಟಿದೆ ಅಂತ ಕೈಕಾಲು ನೋಡಿ ಹೇಳಲಾಗದು. ಎಲ್ಲವನ್ನೂ ಅರ್ಥ ಮಾಡಿಕೊಳ್ಳುವ, ಆದರೆ ಒಂದು ಮಾತೂ ಆಡಲಾಗದ ಮಕ್ಕಳು ಎಷ್ಟೋ ಜನ ಇದ್ದಾರೆ. ಅವರ ಎದುರಿಗೇ ಅವರ ಬಗ್ಗೆ ‘ಅಯ್ಯೋ ಪಾಪ’ ಅಂತ ಮಾತಾಡುತ್ತೇವೆ.

ಹಾಗಾಗಿ “ಪುಟ್ಟ ಊಟ ಮಾಡಿದ್ನಾ?” ಅಂತ ಅಮ್ಮನನ್ನು ಕೇಳಬೇಡಿ. ಪುಟ್ಟನ ಎದುರು ಕೂತು, ನಿಮ್ಮ ಮುಖ ಅವನ ಮುಖದ ಮಟ್ಟಕ್ಕೆ ಬರುವ ಹಾಗೆ ಮಾಡಿಕೊಂಡು, ಅವನನ್ನೇ ಕೇಳಿ. ಕೇಳಿದ ಮೇಲೆ ಕಾಯಿರಿ. ಹತ್ತು ಎಣಿಸುವಷ್ಟು ಹೊತ್ತು. ಉತ್ತರ ಕೊಡಬೇಕು ಅಂತ ಅವನ ಮೆದುಳು ಹೇಳಿ, ಕಣ್ಣೋ ಕೈಯೋ ಅದನ್ನು ಕೇಳಿಸಿಕೊಂಡು ಅಲುಗುವುದಕ್ಕೆ ಹೊತ್ತು ಹಿಡಿಯುತ್ತದೆ, ನಾವು ಅಷ್ಟರೊಳಗೆ ಮೂರು ಪ್ರಶ್ನೆ ಕೇಳಿ ಮುಗಿಸಿರುತ್ತೇವೆ. ಅವನ ‘ಹೌದು’ ಯಾವುದು, ‘ಇಲ್ಲ’ ಯಾವುದು ಅಂತ ಅಮ್ಮನ ಹತ್ತಿರ ಮೊದಲೇ ತಿಳಿದುಕೊಳ್ಳಿ. ನಮ್ಮ ಪುಟ್ಟ ಹೌದು ಅನ್ನೋದಕ್ಕೆ ಕಣ್ಣು ಮೇಲೆತ್ತುತ್ತಾನೆ, ಬೇಡ ಅನ್ನೋದಕ್ಕೆ ಮುಖ ತಿರುಗಿಸುತ್ತಾನೆ. ಎರಡು ಬಟ್ಟೆ ಎದುರಿಗೆ ಹಿಡಿದರೆ ಬೇಕಾದ್ದರ ಕಡೆ ನೋಡುತ್ತಾನೆ. ಕೆಂಪು ಅಂಗಿ ಅವನಿಗೆ ತುಂಬಾ ಇಷ್ಟ ಅಂತ ಗೊತ್ತಾಗಿದ್ದೇ ಹೀಗೆ. ಅಷ್ಟು ವರ್ಷ ಯಾರೂ ಕೇಳಿರಲಿಲ್ಲ.

ನಿಮ್ಮ ಮಕ್ಕಳು “ಇವನಿಗೆ ಏನಾಗಿದೆ?” ಅಂತ ಕೇಳಿದರೆ ಶ್ ಅನ್ನಬೇಡಿ. “ಅವನ ಕಾಲು ಗಟ್ಟಿಯಾಗಿ ಬಿಗಿದುಕೊಂಡಿರುತ್ತೆ, ಅದಕ್ಕೆ ನಡೆಯೋಕಾಗಲ್ಲ. ಬಾ, ಚೆಂಡು ಅವನ ಕಡೆ ಉರುಳಿಸು” ಅಂದರೆ ಮುಗಿಯಿತು.

ತಿನ್ನಿಸೋದನ್ನು ಕಲಿತರೆ ಅರ್ಧ ಭಾರ ಇಳಿಸಿದ ಹಾಗೆ

ಪುಟ್ಟನಿಗೆ ಒಂದು ಊಟಕ್ಕೆ ಮುಕ್ಕಾಲು ಗಂಟೆ ಬೇಕು. ದಿನಕ್ಕೆ ಮೂರು ಊಟ, ಮಧ್ಯೆ ಎರಡು ಸಲ ಏನಾದರೂ. ಲೆಕ್ಕ ಹಾಕಿ ನೋಡಿ. ಈ ಕೆಲಸವನ್ನು ಮನೆಯಲ್ಲಿ ಅಮ್ಮ ಒಬ್ಬಳೇ ಮಾಡುತ್ತಿದ್ದರೆ ಅವಳು ಎಲ್ಲಿಗೂ ಹೋಗುವ ಹಾಗಿಲ್ಲ. ಅದಕ್ಕೇ ನೀವು ಕಲಿಯಬೇಕಾದ ಮೊದಲ ಕೆಲಸ ಇದು ಅಂತ ನಾನು ಹೇಳೋದು. ಆದರೆ ಅವಳ ಎದುರಿಗೆ, ಅವಳು ನೋಡುತ್ತಿರುವಾಗ, ನಾಲ್ಕೈದು ಸಲ ಮಾಡಿದ ಮೇಲೆಯೇ ಒಬ್ಬರೇ ಮಾಡಿ.

ನಮ್ಮಲ್ಲಿ ಮಕ್ಕಳನ್ನು ತೊಡೆ ಮೇಲೆ ಮಲಗಿಸಿಕೊಂಡು, ತಲೆ ಹಿಂದಕ್ಕೆ ಬಾಗಿಸಿ ತಿನ್ನಿಸುವ ರೂಢಿ ಇದೆ ಅಲ್ವಾ? ನುಂಗಲು ಕಷ್ಟ ಇರುವ ಮಗುವಿಗೆ ಅದು ಅಪಾಯ. ತಲೆ ಹಿಂದಕ್ಕೆ ಹೋದರೆ ಉಸಿರಿನ ದಾರಿ ತೆರೆದುಕೊಂಡು ಅನ್ನ ಅತ್ತ ಜಾರಬಹುದು. ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ಪದೇ ಪದೇ ಕಫ, ಜ್ವರ ಬಂದು ಆಸ್ಪತ್ರೆ ಸೇರುವ ಎಷ್ಟೋ ಮಕ್ಕಳಿಗೆ ಕಾರಣ ಇದೇ ಇರುತ್ತದೆ.

ಮಗುವನ್ನು ನೆಟ್ಟಗೆ ಕೂರಿಸಿ. ಕುರ್ಚಿ ಇಲ್ಲದಿದ್ದರೆ ಗೋಡೆ ಮೂಲೆಯಲ್ಲಿ, ಎರಡೂ ಪಕ್ಕಕ್ಕೆ ಸುರುಳಿ ಸುತ್ತಿದ ಜಮಖಾನ ಇಟ್ಟು. ತಲೆ ಒಂಚೂರು ಮುಂದಕ್ಕೆ, ಗಲ್ಲ ಸ್ವಲ್ಪ ಕೆಳಕ್ಕೆ ಇರಲಿ. ನೀವು ಎದುರಿಗೆ, ಅವನಿಗಿಂತ ಎತ್ತರ ಆಗದ ಹಾಗೆ ಕೂರಿ. ನಿಂತು ತಿನ್ನಿಸಿದರೆ ಮಗು ಮೇಲೆ ನೋಡುತ್ತದೆ, ಕುತ್ತಿಗೆ ಮತ್ತೆ ಹಿಂದಕ್ಕೆ ಹೋಗುತ್ತದೆ. ಚಿಕ್ಕ ಚಮಚ, ಅದರಲ್ಲೂ ಅರ್ಧ. ನುಂಗಿದ್ದು ಕಣ್ಣಿಗೆ ಕಂಡ ಮೇಲೇ ಮುಂದಿನದು. ತೆಳ್ಳಗಿನ ನೀರು, ತಿಳಿಸಾರು ಇವೇ ಜಾಸ್ತಿ ಕಷ್ಟ, ಬಾಯೊಳಗೆ ಸರ್ರನೆ ಓಡಿಬಿಡುತ್ತವೆ. ಗಟ್ಟಿಯಾಗಿ ಕುದಿಸಿದ ರಾಗಿ ಸರಿ, ನುಣ್ಣಗೆ ಕಿವುಚಿದ ಮೊಸರನ್ನ ಸಲೀಸು. ಸಾರು ಹರಿದು ಅಗುಳು ಉಳಿಯುವ ಹಾಗೆ ಕಲಸಿದ ಅನ್ನವೂ ಕಷ್ಟವೇ, ಯಾಕೆಂದರೆ ಬಾಯಿ ಒಂದೇ ಸಲ ಎರಡು ಬಗೆಯದನ್ನು ಸಂಭಾಳಿಸಬೇಕು. ಕಡಲೆಬೀಜ, ಚಕ್ಕುಲಿ ಚೂರು, ಮಂಡಕ್ಕಿ ‘ಒಂದೇ ಒಂದು’ ಅಂತಲೂ ಬಾಯಿಗೆ ಹಾಕಬೇಡಿ, ಅಮ್ಮ ಸರಿ ಅನ್ನುವ ತನಕ.

ಕೆಮ್ಮು, ಕಣ್ಣಲ್ಲಿ ನೀರು, ಗಂಟಲಲ್ಲಿ ಗೊರಗೊರ ಸದ್ದು, ಮುಖದ ಬಣ್ಣ ಬದಲಾಗೋದು ಕಂಡರೆ ತಕ್ಷಣ ನಿಲ್ಲಿಸಿ. ಬಾಯಲ್ಲಿ ತುತ್ತು ಇರುವಾಗ ನಗಿಸಬೇಡಿ. ಊಟ ಆದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಊಟದ ವಿಷಯ ಮಗುವಿನಿಂದ ಮಗುವಿಗೆ ಬೇರೆ, ಆ ಮನೆಗೆ ಥೆರಪಿಸ್ಟ್ ಏನು ಹೇಳಿದ್ದಾರೋ ಅದೇ ಕೊನೆಯ ಮಾತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತಿನ ತೊಂದರೆಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ.

ಎತ್ತುವಾಗ, ಫಿಟ್ಸ್ ಬಂದಾಗ

ಎತ್ತುವ ಮೊದಲು “ಎತ್ಕೋತೀನಿ ಪುಟ್ಟಾ” ಅಂತ ಹೇಳಿ. ಹಿಂದಿನಿಂದ ಬಂದು ಎತ್ತಿದರೆ ಮೈಯೆಲ್ಲ ಬೆಚ್ಚಿ ಸೆಟೆದುಕೊಳ್ಳುತ್ತದೆ. ಕುಕ್ಕರ್ ಸೀಟಿಗೂ ಹಾಗೇ ಬೆಚ್ಚುವ ಮಕ್ಕಳಿದ್ದಾರೆ, ದೀಪಾವಳಿ ಪಟಾಕಿ ಹೇಳುವುದೇ ಬೇಡ, ಆ ಮನೆಯ ಹತ್ತಿರ ದಯವಿಟ್ಟು ಹೊಡೆಯಬೇಡಿ. ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ಕಾಲು ಕತ್ತರಿ ಹಾಕಿಕೊಂಡು ಬಿಗಿಯುತ್ತವೆ. ಮೊದಲು ಮಗ್ಗುಲಿಗೆ ಹೊರಳಿಸಿ, ಸೊಂಟ, ಮಂಡಿ ಮಡಚಿ, ಒಂದು ಕೈ ಹೆಗಲ ಹಿಂದೆ, ಒಂದು ಕೈ ಮಂಡಿ ಕೆಳಗೆ ಇಟ್ಟು, ನಿಮ್ಮ ಎದೆಗೆ ಹತ್ತಿರ ತಂದುಕೊಂಡು ಏಳಿ. ನಿಮ್ಮ ಬೆನ್ನು ಬಾಗದೆ ಮಂಡಿ ಬಾಗಲಿ. ಈ ತಾಯಂದಿರಲ್ಲಿ ಬೆನ್ನು ನೋವು ಇಲ್ಲದವರನ್ನು ನಾನು ನೋಡೇ ಇಲ್ಲ. ಮಗುವಿಗೆ ಹತ್ತು ದಾಟಿತು ಅಂದರೆ ಸ್ನಾನದ ಹೊತ್ತಿಗೆ ಇಬ್ಬರು ಬೇಕೇ ಬೇಕು, ಪಕ್ಕದ ಮನೆಯವರು ದಿನಾ ಹತ್ತು ನಿಮಿಷ ಬಂದು ಒಂದು ಕೈ ಹಾಕಿದರೆ ಆ ಬೆನ್ನು ಉಳಿಯುತ್ತದೆ.

ಕಾಲಿಗೆ ಸ್ಪ್ಲಿಂಟ್ (ಕಾಲನ್ನು ಸರಿಯಾಗಿ ಹಿಡಿದಿಡುವ ಪಟ್ಟಿ) ಹಾಕುತ್ತಿದ್ದರೆ ಬಿಚ್ಚಿದಾಗ ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಹೋಗದಿದ್ದರೆ ಅಮ್ಮನಿಗೆ ಹೇಳಿ.

ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಕ್ಕಳಿಗೆ ಫಿಟ್ಸ್ ಕೂಡ ಇರುತ್ತದೆ. ಬಂದರೆ ಮೊದಲು ಗಡಿಯಾರ ನೋಡಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆ ಕೆಳಗೆ ಮೆತ್ತಗಿನದೇನಾದರೂ ಇಡಿ, ಕೊರಳ ಬಟ್ಟೆ ಸಡಿಲ ಮಾಡಿ. ಕೈಗೆ ಬೀಗದ ಕೈ, ಕಬ್ಬಿಣ ಕೊಡೋದು, ಮೂಗಿಗೆ ಈರುಳ್ಳಿ ಹಿಡಿಯೋದು, ಬಾಯಿಗೆ ಚಮಚ ತುರುಕೋದು, ನೀರು ಕುಡಿಸೋದು, ಗಟ್ಟಿಯಾಗಿ ಅದುಮಿ ಹಿಡಿಯೋದು, ಇವು ಯಾವುದೂ ಬೇಡ. ಬಾಯಿಗೆ ಏನನ್ನು ಹಾಕಿದರೂ ಹಲ್ಲು ಮುರಿಯಬಹುದು, ಉಸಿರು ಕಟ್ಟಬಹುದು. ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. 5 ನಿಮಿಷ ದಾಟಿದರೆ, ಅಥವಾ ಒಂದು ನಿಂತು ಎಚ್ಚರ ಬರುವ ಮೊದಲೇ ಇನ್ನೊಂದು ಶುರುವಾದರೆ, 108ಕ್ಕೆ ಫೋನ್ ಮಾಡಿ. ಡಾಕ್ಟರು ಮೂಗಿಗೆ ಹಾಕುವ ಸ್ಪ್ರೇ ಬರೆದುಕೊಟ್ಟಿದ್ದರೆ ಅದು ಮನೆಯಲ್ಲಿ ಎಲ್ಲಿದೆ, ಯಾವಾಗ ಹಾಕಬೇಕು ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಇನ್ನೊಬ್ಬರು ಹತ್ತಿರ ಇದ್ದರೆ ಮೊಬೈಲಲ್ಲಿ ವಿಡಿಯೋ ತೆಗೆಯಲಿ, ಡಾಕ್ಟರಿಗೆ ಅದರಿಂದ ತುಂಬಾ ಗೊತ್ತಾಗುತ್ತದೆ.

ಆಡಬಾರದ ಮಾತು

ಯಾರ ಕಡೆಯಿಂದ ಬಂತು, ಗ್ರಹಣದಲ್ಲಿ ಹೊರಗೆ ಹೋಗಿದ್ದಾ, ಹಿಂದಿನ ಜನ್ಮದ್ದು, ಇನ್ನೊಂದು ಮಗು ಮಾಡ್ಕೋ. ಇವೆಲ್ಲ ಆ ತಾಯಿ ಕೇಳಿ ಕೇಳಿ ಸುಸ್ತಾಗಿರುವ ಮಾತು. “ನೀನು ಗಟ್ಟಿಗಿತ್ತಿ ಕಣೆ, ನಮ್ಮ ಕೈಲಾಗ್ತಿರಲಿಲ್ಲ” ಅನ್ನೋದೂ ಬೇಡ. ಹಾಗಂದ ಮೇಲೆ ಅವಳು ಅಳುವ ಹಾಗೇ ಇಲ್ಲ.

ಊರಿಗೊಂದು ಔಷಧಿ ಹೇಳುವುದಂತೂ ನಿಲ್ಲಲೇಬೇಕು. ಹರಕೆ ಹೊರೋದು ಅವರವರ ನಂಬಿಕೆ, ಅದರ ಬಗ್ಗೆ ನಾನು ಮಾತಾಡೋದಿಲ್ಲ. ಆದರೆ ಸ್ಟೆಮ್ ಸೆಲ್ ಹಾಕಿಸಿದರೆ ನಡೆಯುತ್ತಾನಂತೆ ಅಂತ ವಿಡಿಯೋ ಕಳಿಸಬೇಡಿ. ಐ.ಸಿ.ಎಂ.ಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸೆರೆಬ್ರಲ್ ಪಾಲ್ಸಿಗೆ ಅದು ಒಪ್ಪಿತ ಚಿಕಿತ್ಸೆ ಅಲ್ಲ, ಪ್ರಯೋಗದ ಹೊರಗೆ ದುಡ್ಡು ತಗೊಂಡು ಮಾಡುವ ಹಾಗಿಲ್ಲ. ಹೊಲ ಅಡವಿಟ್ಟು ಹಾಕಿಸಿದವರಿದ್ದಾರೆ. ನೀವು ಪ್ರೀತಿಯಿಂದಲೇ ಕಳಿಸಿದ ವಿಡಿಯೋ, ನಿದ್ದೆ ಇಲ್ಲದ ಅಪ್ಪನೊಬ್ಬ ರಾತ್ರಿ ಎರಡು ಗಂಟೆಗೆ ನೋಡುತ್ತಾ ಕೂರುತ್ತಾನೆ.

ಅಪ್ಪನನ್ನು ಯಾರೂ ವಿಚಾರಿಸುವುದಿಲ್ಲ. ಅವನ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ, ಸಂಜೆ ಟೀಗೆ ಕರೆದುಕೊಂಡು ಹೋಗಿ, ಮಗುವಿನ ವಿಷಯ ಅವನು ಎತ್ತಿದರೆ ಕೇಳಿ, ಎತ್ತದಿದ್ದರೆ ಕ್ರಿಕೆಟ್ ಮಾತಾಡಿ.

ಅಣ್ಣ ಅಕ್ಕಂದಿರೂ ಹಾಗೇ. ಪುಟ್ಟನ ಅಕ್ಕನಿಗೆ 14. ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಕುಣಿದಾಗ ನೋಡೋಕೆ ಮನೆಯಿಂದ ಯಾರೂ ಬರುತ್ತಿರಲಿಲ್ಲ. ಈಗ ನಾನು ಮನೆಯಲ್ಲಿ ಪುಟ್ಟನ ಜೊತೆ ಇರುತ್ತೇನೆ, ಅವಳ ಅಪ್ಪ ಅಮ್ಮ ಹೋಗುತ್ತಾರೆ. ನಾನೇ ಹೋಗಿ ಅವರು ಮನೆಯಲ್ಲಿ ಉಳಿದರೆ ಅವಳಿಗೆ ಏನು ಸಿಕ್ಕಿತು ಹೇಳಿ.

ಮದುವೆಗೆ ಕರೆಯಿರಿ

‘ಅವರಿಗೆ ಕಷ್ಟ ಆಗುತ್ತೆ’ ಅಂತ ನೀವೇ ತೀರ್ಮಾನ ಮಾಡಿ ಪತ್ರಿಕೆ ಕೊಡದೆ ಇರಬೇಡಿ. ಬರೋದು ಬಿಡೋದು ಅವರು ಹೇಳಲಿ. ಛತ್ರ ಬುಕ್ ಮಾಡುವಾಗ ಎಷ್ಟು ಮೆಟ್ಟಿಲು, ಇಳಿಜಾರು ಇದೆಯಾ, ಊಟದ ಹಾಲ್ ಕೆಳಗಾ ಮೇಲಾ, ಲಿಫ್ಟಿಗೆ ವೀಲ್‌ಚೇರ್ ಹಿಡಿಯುತ್ತಾ ಅಂತ ಕೇಳಿ ಅವರಿಗೆ ಮೊದಲೇ ತಿಳಿಸಿ. ನೆಲಮಹಡಿಯಲ್ಲಿ ಒಂದು ರೂಮು ಅವರಿಗೆ ಅಂತ ಇಡಿ, ಬಟ್ಟೆ ಬದಲಿಸೋದಕ್ಕೆ, ವಾದ್ಯದ ಸದ್ದು ಜಾಸ್ತಿಯಾದರೆ ಮಲಗಿಸೋದಕ್ಕೆ. 11 ವರ್ಷದ ಹುಡುಗನ ಡೈಪರ್ ಬದಲಿಸೋಕೆ ಮರೆ ಬೇಕು, ಅವನಿಗೂ ನಾಚಿಕೆ ಇದೆ. ಊಟದ ಹೊತ್ತಿಗೆ ನೀವು ಮಗುವಿನ ಹತ್ತಿರ ಕೂತು, ಅಪ್ಪ ಅಮ್ಮನನ್ನು ಮೊದಲ ಪಂಕ್ತಿಗೆ ಕಳಿಸಿ. ನನ್ನ ತಂಗಿ ಎಂಟು ವರ್ಷದಲ್ಲಿ ಮೊದಲ ಸಲ ಬಾಳೆಲೆ ಮುಂದೆ ಪಾಯಸದವರೆಗೂ ಕೂತಿದ್ದು ನಮ್ಮ ಮಗಳ ಮದುವೆಯಲ್ಲಿ.

ಕಾಗದ ಪತ್ರದ ಓಡಾಟ

ಇದು ಹೊರಗಿನವರು ಪೂರ್ತಿಯಾಗಿ ಹೊತ್ತುಕೊಳ್ಳಬಹುದಾದ ಕೆಲಸ. ಒಂದು ಗಟ್ಟಿ ಫೈಲ್ ತನ್ನಿ. ಹುಟ್ಟಿದಾಗಿನ ಡಿಸ್ಚಾರ್ಜ್ ಸಮ್ಮರಿ, ಎಂ.ಆರ್.ಐ ವರದಿ, ಆಧಾರ್, ಫೋಟೋ, ಎಲ್ಲದರ ಐದೈದು ಜೆರಾಕ್ಸ್ ಅದರಲ್ಲಿರಲಿ, ಮೊಬೈಲಲ್ಲೂ ಒಂದೊಂದು ಫೋಟೋ ಇರಲಿ.

ಮೊದಲು ಬೇಕಾದ್ದು ಯು.ಡಿ.ಐ.ಡಿ ಕಾರ್ಡ್, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಹೆಚ್ಚಿನ ಸೌಲಭ್ಯಕ್ಕೆ ಕನಿಷ್ಠ 40% ಇರಬೇಕು. ಅರ್ಜಿ ಆನ್‌ಲೈನ್, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಮಗುವನ್ನು ನೋಡುತ್ತಾರೆ. ನಾವು ಹೋದ ದಿನ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಕಾಯಿಸಿ, ಸಂಬಂಧಪಟ್ಟ ಡಾಕ್ಟರು ಇವತ್ತು ಬಂದಿಲ್ಲ ಅಂದರು. ಪುಟ್ಟ ಕಾರಿಡಾರಿನ ಬೆಂಚಿನ ಮೇಲೆ ಸೆಟೆದುಕೊಂಡು ಅಳುತ್ತಿದ್ದ. ಅದಕ್ಕೆ ನೀವು ಒಂದು ದಿನ ಮುಂಚೆ ಒಬ್ಬರೇ ಹೋಗಿ ಯಾವ ವಾರ, ಯಾವ ರೂಮು, ಯಾವ ಡಾಕ್ಟರು ಅಂತ ವಿಚಾರಿಸಿ ಬನ್ನಿ. ಹೋಗುವ ದಿನ ಬೇಗ ಹೋಗಿ ಟೋಕನ್ ತಗೊಂಡು, ಸರದಿ ಹತ್ತಿರ ಬಂದಾಗ ಮಗುವನ್ನು ಕರೆಸಿಕೊಳ್ಳಿ.

ಕಾರ್ಡ್ ಬಂದ ಮೇಲೆ ಒಂದೊಂದೇ ಬಾಗಿಲು ತೆರೆಯುತ್ತದೆ. ಮಾಸಾಶನಕ್ಕೆ ನಾಡಕಚೇರಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹು ವೈಕಲ್ಯ ಇರುವವರಿಗೆ, ಥೆರಪಿ ಖರ್ಚಿಗೂ ಬರುತ್ತದೆ, ಹಾಗಾಗಿ ಒಂದು ಬಿಲ್ಲನ್ನೂ ಬಿಸಾಡಬೇಡಿ. ಅಪ್ಪ ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ ವಿಕಲಚೇತನ ಮಗುವನ್ನು ನೋಡಿಕೊಳ್ಳುವವರಿಗೆ ಇರುವ ವಿನಾಯಿತಿಯಲ್ಲಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 80ಡಿಡಿ) 75,000 ರೂಪಾಯಿ, ವೈಕಲ್ಯ 80% ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ ಯಾರು ಅಂತ ಕೇಳಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಹೆಚ್ಚಿನವರು ತಾವೂ ವಿಕಲಚೇತನರೇ, ಯಾವ ಅರ್ಜಿ ಎಲ್ಲಿ ಕೊಡಬೇಕು ಅಂತ ಅವರಿಗೆ ಗೊತ್ತು.

ಮಗು ಇನ್ನೂ ಚಿಕ್ಕದಿದ್ದರೆ, ಕುತ್ತಿಗೆ ನಿಲ್ಲೋದು, ಕೂರೋದು ತಡವಾಗುತ್ತಿದ್ದರೆ, “ನಮ್ಮ ಮನೇಲೂ ಎಲ್ಲರೂ ಲೇಟಾಗಿ ನಡೆದಿದ್ದು” ಅಂತ ಸಮಾಧಾನ ಹೇಳಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿರುವ ಆರಂಭಿಕ ಹಂತದ ಚಿಕಿತ್ಸಾ ಕೇಂದ್ರಕ್ಕೆ ಜೊತೆಯಲ್ಲಿ ಹೋಗಿ. ಮೊದಲ ಎರಡು ಮೂರು ವರ್ಷದ ಥೆರಪಿಗೆ ಇರುವ ಬೆಲೆ ಆಮೇಲೆ ಇಲ್ಲ. ಶಾಲೆಗೆ ಬಂದರೆ, 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತಮಗೆ ಬೇಕಾದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕು ಆ 2016ರ ಕಾಯ್ದೆಯಲ್ಲೇ ಇದೆ. ‘ಇಂಥ ಮಕ್ಕಳನ್ನು ತಗೊಳ್ಳೋಲ್ಲ’ ಅಂದರೆ ಬರೆದುಕೊಡಿ ಅನ್ನಿ, ಮತ್ತೆ ಶಿಕ್ಷಣ ಇಲಾಖೆಯ ಬಿ.ಆರ್.ಸಿಗೆ (ಬ್ಲಾಕ್ ಸಂಪನ್ಮೂಲ ಕೇಂದ್ರ) ಹೋಗಿ. ಶಾಲೆಗೆ ಹೋಗಲಾಗದಷ್ಟು ಕಷ್ಟ ಇರುವ ಮಕ್ಕಳಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆಯನ್ನೂ ಅಲ್ಲೇ ವಿಚಾರಿಸಬೇಕು.

ಮುಂದೆ 18 ತುಂಬಿದಾಗ ಇನ್ನೊಂದು ಕೆಲಸ ಬರುತ್ತದೆ. ಕಾನೂನಿನ ಲೆಕ್ಕದಲ್ಲಿ ಮಗ ದೊಡ್ಡವನಾಗುತ್ತಾನೆ, ಅಪ್ಪ ಅಮ್ಮನ ಸಹಿ ಬ್ಯಾಂಕಲ್ಲಿ ನಡೆಯದಿರಬಹುದು. ಆಗ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಪಾಲಕತ್ವಕ್ಕೆ ಅರ್ಜಿ ಹಾಕಬಹುದು. ‘ನಮ್ಮ ಕಾಲದ ಮೇಲೆ ಯಾರು’ ಅನ್ನೋ ಮಾತನ್ನು ಅಪ್ಪ ಅಮ್ಮ ಎತ್ತಿದರೆ “ಅದೆಲ್ಲ ಈಗ ಯಾಕೆ” ಅಂತ ಬಾಯಿ ಮುಚ್ಚಿಸಬೇಡಿ. ಕೂತು ಕೇಳಿ.

ಕೊನೆಗೆ ಒಂದು ಸಣ್ಣ ವಿಷಯ. ಬುಧವಾರ ನಿಮಗೆ ಬರಲಾಗದಿದ್ದರೆ ಮಂಗಳವಾರ ರಾತ್ರಿಯೇ ಫೋನ್ ಮಾಡಿ, ಪುಟ್ಟನ ಕಿವಿಗೂ ಫೋನ್ ಇಡಿಸಿ “ನಾಳೆ ಬರೋಕಾಗಲ್ಲ, ಶನಿವಾರ ಬರ್ತೀನಿ” ಅಂತ ಅವನಿಗೂ ಹೇಳಿ. ನಾಲ್ಕು ಗಂಟೆಯಿಂದ ಅವನು ಗೇಟಿನ ಕಡೆಯೇ ನೋಡುತ್ತಿರುತ್ತಾನೆ.